ಎಸೆತಗಾರ ರಾಡ್‌ಬರ್ನ್

ತೋಳಿನ ಬಲವೊಂದನ್ನೇ ಬಂಡವಾಳವಾಗಿ ಉಳ್ಳವನು ಅದರ ಬೆಲೆಯನ್ನೂ ಅರಿತಿರಬೇಕು. ಅಮೇರಿಕೆಯ ಬೇಸ್‌ಬಾಲ್ ಆಟಗಾರ ಚಾರ್ಲ್ಸ್ ರಾಡ್‌ಬರ್ನನ ಜೀವನವು ಇದಕ್ಕೆ ನಿದರ್ಶನವಾಗಿದೆ.

ಈತನು 1854ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ಜನಿಸಿ, ಇಲಿನಾಯ್ ಸಂಸ್ಥಾನದ ಬ್ಲೂಮಿಂಗ್ಟನ್ನಿನಲ್ಲಿ ಬೆಳೆದನು. ತಂದೆಯು ಇಂಗ್ಲೆಂಡಿನಿಂದ ವಲಸೆ ಬಂದ ಕಸಾಯಿ. ಮಗನೂ ಮೊದಲು ಅದೇ ಕಸುಬಿನಲ್ಲಿ ದುಡಿದನು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಕ್ರಿಕೆಟ್ಟಿನಲ್ಲಿ ಬೌಲರುಗಳು ಸರದಿಯಂತೆ ಎಸೆಯುವರಷ್ಟೆ. ಅಂದಿನ ಬೇಸ್‌ಬಾಲಿನಲ್ಲಾದರೋ ಸಾಮಾನ್ಯವಾಗಿ ಒಬ್ಬನೇ ಇಡೀ ಆಟದ ಭಾರವನ್ನು ಹೊರಬೇಕಾಗಿತ್ತು. 1881ರಲ್ಲಿ ಪ್ರಾವಿಡೆನ್ಸ್ ನಗರದ ಗ್ರೇಸ್ ತಂಡವನ್ನು ಸೇರಿದ ರಾಡ್‌ಬರ್ನನು ಈ ಕಾರ್ಯದಲ್ಲಿ ಹೆಸರುವಾಸಿಯಾದನು.

ಕರಾರು ತೀರಿದರೂ ಆಟಗಾರನು ಮಾಲೀಕರ ಅನುಮತಿಯಿಲ್ಲದೆ ಬೇರೆ ತಂಡವನ್ನು ಸೇರಕೂಡದೆಂಬ ಕಟ್ಟಳೆಯು ಆಗ ಜಾರಿಯಲ್ಲಿತ್ತು. 1884ರ ಜುಲೈ ತಿಂಗಳಿನಲ್ಲಿ ರಾಡ್‌ಬರ್ನನು ಅಮಾನತಿನಲ್ಲಿದ್ದಾಗಲೇ ತಂಡದ ಇನ್ನೊಬ್ಬ ಎಸೆತಗಾರ ಸ್ವೀನಿಯು ಜಗಳವಾಡಿ ಹೊರನಡೆದನು. ತಂಡಕ್ಕೆ ದಿಕ್ಕು ತೋಚದಾಯಿತು. ರಾಡ್‌ಬರ್ನನು ಹೆಚ್ಚಿನ ಹಣವನ್ನೂ, ವರ್ಷದ ಆಟಗಳು ಮುಗಿದೊಡನೆ ಆ ಕಟ್ಟಳೆಯಿಂದ ಬಿಡುಗಡೆಯನ್ನೂ ಕೇಳಿ ಪಡೆದು, ಉಳಿದ ಆಟಗಳ ಬಹುಭಾಗವನ್ನು ತಾನೇ ಎಸೆಯಲೊಪ್ಪಿದನು. ಬೆಳಗ್ಗೆ ತಲೆ ಬಾಚಲೂ ತೋಳೆತ್ತಲಾರದಷ್ಟು ನೋವಿದ್ದರೂ ಮಧ್ಯಾಹ್ನ ಮೈದಾನಕ್ಕಿಳಿಯುತ್ತಿದ್ದನೆಂದು ಹೇಳುವರು. ತಂಡದ 84 ಜಯಗಳಲ್ಲಿ 59 ಈತನವು. ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ಸ್ ತಂಡವನ್ನು ಮೂರಕ್ಕೆ ಮೂರು ಆಟಗಳಲ್ಲಿಯೂ ಸೋಲಿಸಿದನು. ಒಂದೇ ವರ್ಷದಲ್ಲಿ 59 ಜಯಗಳ ಈ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಬಿಡುಗಡೆಯ ಮಾತು ಪಡೆದಿದ್ದರೂ ಮರುವರ್ಷ ಅದೇ ತಂಡದಲ್ಲಿ ಉಳಿದನು.

1890ರಲ್ಲಿ ಆಟಗಾರರು ಆ ಕಟ್ಟಳೆಯನ್ನು ಪ್ರತಿಭಟಿಸಿ ತಮ್ಮದೇ ಲೀಗನ್ನು ಸ್ಥಾಪಿಸಿದಾಗ ಈತನೂ ಅವರ ಪಕ್ಷವನ್ನು ಸೇರಿ, ಬಾಸ್ಟನ್ ತಂಡಕ್ಕೆ 27 ಜಯಗಳನ್ನು ತಂದುಕೊಟ್ಟನು. ಆ ಲೀಗು ಒಂದೇ ವರ್ಷದಲ್ಲಿ ಮುಚ್ಚಿಹೋಯಿತು. 1891ರಲ್ಲಿ ಆಟದಿಂದ ನಿವೃತ್ತನಾಗುವ ವೇಳೆಗೆ ಈತನ ಜಯಗಳು 300ನ್ನು ಮೀರಿದ್ದವು. ಬಳಿಕ ಬ್ಲೂಮಿಂಗ್ಟನ್ನಿನಲ್ಲಿ ಪಾನಗೃಹವೊಂದನ್ನು ನಡೆಸಿದನು. ಬೇಟೆಯ ಅಪಘಾತದಲ್ಲಿ ಒಂದು ಕಣ್ಣನ್ನು ಕಳೆದುಕೊಂಡು, 1897ರ ಫೆಬ್ರವರಿ 5ರಂದು ತನ್ನ 42ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಕೂಪರ್ಸ್‌ಟೌನಿನ ಬೇಸ್‌ಬಾಲ್ ಕೀರ್ತಿಮಂದಿರದ ಗೌರವವು 1939ರಲ್ಲಿ ಈತನಿಗೆ ಸಂದಿತು. ಆಟಗಾರರನ್ನು ಬಿಗಿದಿದ್ದ ಆ ಕಟ್ಟಳೆಯು ಮುರಿದುಬಿದ್ದುದು 1975ರಲ್ಲಿ.

ಒಂದು ಕಾಲಕ್ಕೆ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಸಂಬಳ ಬಟವಡೆ ಮಾಡಿದವರು ನಾವು. ರಾಡ್‌ಬರ್ನನು ಕಷ್ಟಕಾಲದಲ್ಲಿ ಬೆಲೆ ಕೇಳಿದನೆಂದು ದೂರುವ ಮನಸ್ಸು ನಮಗಾಗದು. ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಆತನು ದುಡಿದು ತೀರಿಸಿದನು.