ಖಾಲಿ ಬೇಕರಿಗೆ ಬೋರ್ಡು ಬರೆದ ಸಿಲ್ವಿಯಾ: ದುಡಿಯೋ ಹೆಂಗಸರ ವೋಟಿಗಾಗಿ ತಾಯಿಯ ಸಂಘದಿಂದಲೇ ಹೊರಬಿದ್ದವರು

1912ರಲ್ಲಿ ಪೂರ್ವ ಲಂಡನ್ನಿನ ಬೋ ರಸ್ತೆಯಲ್ಲಿ ಒಂದು ಬೇಕರಿ ಅಂಗಡಿ ಖಾಲಿ ಬಿದ್ದಿತ್ತು. ಮೂವತ್ತು ವರ್ಷದ ಹೆಣ್ಣುಮಗಳೊಬ್ಬರು ಅದನ್ನು ಬಾಡಿಗೆಗೆ ಹಿಡಿದು, ಹೆಂಗಸರಿಗೂ ವೋಟು ಬೇಕು ಅಂತ ಬಂಗಾರದ ಬಣ್ಣದಲ್ಲಿ ತಾವೇ ಬೋರ್ಡು ಬರೆದರು. ಅವರೇ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್.

ಹುಟ್ಟಿದ್ದು 1882ರ ಮೇ 5ರಂದು, ಮ್ಯಾಂಚೆಸ್ಟರ್‌ನಲ್ಲಿ. ಓದಿದ್ದು ಚಿತ್ರಕಲೆ. ತಾಯಿ ಎಮ್ಮೆಲಿನ್ 1903ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಸಂಘ ಕಟ್ಟಿದರು. ಅದಕ್ಕೆ ಬ್ಯಾನರು, ಬ್ಯಾಡ್ಜುಗಳ ಚಿತ್ರ ಬರೆದುಕೊಟ್ಟವರು ಸಿಲ್ವಿಯಾ. 1907ರಲ್ಲಿ ಅವರು ಊರೂರು ಸುತ್ತಿ, ಗಿರಣಿ, ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಚಿತ್ರ ಬರೆದರು. ದುಡಿಮೆ ಜಾಸ್ತಿ, ಕೂಲಿ ಕಡಿಮೆ ಅನ್ನೋದನ್ನು ಕಣ್ಣಾರೆ ಕಂಡರು.

ಆಗ ಅಲ್ಲಿ ಎಷ್ಟೋ ಬಡ ಗಂಡಸರಿಗೂ ವೋಟಿರಲಿಲ್ಲ. ಗಂಡಸರಿಗಿರುವ ನಿಯಮದಲ್ಲೇ ಹೆಂಗಸರಿಗೂ ಕೊಡಿ ಅನ್ನೋದು ತಾಯಿಯ ಸಂಘದ ಬೇಡಿಕೆ. ಹಾಗಾದರೆ ಆಸ್ತಿಯಿಲ್ಲದ ಕೂಲಿಯವಳ ಗತಿ? ವಯಸ್ಕರೆಲ್ಲರಿಗೂ ವೋಟು ಬೇಕು ಅಂತ ಸಿಲ್ವಿಯಾ ಹಟ ಹಿಡಿದರು. 1913ರಲ್ಲಿ ಡಬ್ಲಿನ್‌ನಲ್ಲಿ ಮಾಲೀಕರು ಕೆಲಸದಿಂದ ಹೊರಗಿಟ್ಟ ಕಾರ್ಮಿಕರ ಪರವಾಗಿ ವೇದಿಕೆ ಹತ್ತಿದರು. 1914ರ ಜನವರಿಯಲ್ಲಿ ತಾಯಿ ಮತ್ತು ಅಕ್ಕ ಕ್ರಿಸ್ಟಬೆಲ್ ಅವರನ್ನು ಸಂಘದಿಂದಲೇ ಹೊರಗೆ ಹಾಕಿದರು.

ಸಿಲ್ವಿಯಾ ಹಿಂದೆ ಸರಿಯಲಿಲ್ಲ. ಪೂರ್ವ ಲಂಡನ್ನಿನ ಹೆಂಗಸರದ್ದೇ ಸಂಘ, ಪತ್ರಿಕೆ ನಡೆಸಿದರು. ಮತ್ತೆ ಮತ್ತೆ ಜೈಲಿಗೆ ಹೋಗಿ ಅನ್ನ ನೀರು ಬಿಟ್ಟರು. ಆ ಜೂನ್‌ನಲ್ಲಿ, ಉಪವಾಸದಿಂದ ನಿತ್ರಾಣರಾಗಿದ್ದರೂ, ಪಾರ್ಲಿಮೆಂಟಿನ ಬಾಗಿಲಲ್ಲಿ ಮಲಗಿ ಪಟ್ಟು ಹಿಡಿದರು. ಕೊನೆಗೆ ಪ್ರಧಾನಿ ಆಸ್ಕ್ವಿತ್ ಆರು ಮಂದಿ ದುಡಿಯುವ ಹೆಂಗಸರ ಅಹವಾಲು ಕೇಳಬೇಕಾಯಿತು.

ಆಗಸ್ಟ್‌ನಲ್ಲಿ ಮಹಾಯುದ್ಧ ಶುರುವಾಯಿತು. ಕಾರ್ಖಾನೆಗಳು ಮುಚ್ಚಿದವು, ದಿನಸಿ ರೇಟು ಏರಿತು. ಸಿಲ್ವಿಯಾ ಲಾಭವಿಲ್ಲದೆ ಊಟ ಕೊಡುವ ಹೋಟೆಲುಗಳನ್ನು ತೆರೆದರು. ಕೆಲಸ ಕಳಕೊಂಡ ಹೆಂಗಸರಿಗಾಗಿ ಆಟಿಕೆ ಕಾರ್ಖಾನೆ ಹಾಕಿದರು. ಹಳೇ ಮದ್ಯದಂಗಡಿಯೊಂದನ್ನು ಶಿಶುವಿಹಾರ ಮಾಡಿ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಂಡರು.

1918ರಲ್ಲಿ ಕಾನೂನು ಬಂತು. ವೋಟು ಸಿಕ್ಕಿದ್ದು ಮೂವತ್ತು ದಾಟಿದ, ಆಸ್ತಿಯ ನಿಯಮಕ್ಕೆ ಒಳಪಟ್ಟ ಹೆಂಗಸರಿಗೆ ಮಾತ್ರ. ಸಿಲ್ವಿಯಾ ಹೆದರಿದ್ದೇ ಆಯಿತು. ಗಂಡು ಹೆಣ್ಣು ಭೇದವಿಲ್ಲದೆ 21 ತುಂಬಿದವರಿಗೆ ವೋಟು ಸಿಗಲು 1928ರವರೆಗೆ ಕಾಯಬೇಕಾಯಿತು.

ಇಟಲಿಯ ದಾಳಿಗೆ ತುತ್ತಾದ ಇಥಿಯೋಪಿಯಾದ ಪರವಾಗಿಯೂ ವರ್ಷಗಟ್ಟಲೆ ಬರೆದ ಅವರು, 1956ರಲ್ಲಿ ಅಲ್ಲಿಗೇ ಹೋಗಿ ನೆಲೆಸಿದರು. 1960ರ ಸೆಪ್ಟೆಂಬರ್ 27ರಂದು ಅಡಿಸ್ ಅಬಾಬಾದಲ್ಲಿ ತೀರಿಕೊಂಡಾಗ ಆ ದೇಶ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿತು.