ಚಂಡಮಾರುತದ ಜಾಡು ಹಿಡಿದ ಪಿಡಿಂಗ್ಟನ್

ಮಕ್ಕಳೇ, 2022ರ ಡಿಸೆಂಬರ್‌ನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಸೂರ್ಯ ಸರಿಯಾಗಿ ಮುಖ ತೋರಿಸದ ದಿನಗಳು ನಿಮಗೆ ನೆನಪಿವೆಯೇ? ಜಿಟಿಜಿಟಿ ಮಳೆ, ಮೈ ಕೊರೆಯುವ ಚಳಿ. ನಮ್ಮೂರಿಗೆ ಕಡಲಿಲ್ಲ. ಆದರೂ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಮಹಾಬಲಿಪುರಂ ಬಳಿ ದಡ ಸೇರಿದ ‘ಮ್ಯಾಂಡಸ್’ ಚಂಡಮಾರುತ ನಮ್ಮನ್ನೂ ನಡುಗಿಸಿತ್ತು. ಅದು ಎಲ್ಲಿದೆ, ಎತ್ತ ಸಾಗುತ್ತಿದೆ ಎಂಬುದನ್ನು ಉಪಗ್ರಹಗಳು ತೋರಿಸುತ್ತಿದ್ದವು. ಉಪಗ್ರಹವೇ ಇಲ್ಲದ ಕಾಲದಲ್ಲಿ ಕಲ್ಕತ್ತದಲ್ಲಿ ಕುಳಿತು ಚಂಡಮಾರುತಗಳ ಜಾಡು ಹಿಡಿದವರು ಹೆನ್ರಿ ಪಿಡಿಂಗ್ಟನ್.

ಪಿಡಿಂಗ್ಟನ್ 1797ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ವ್ಯಾಪಾರಿ ಹಡಗಿನ ಕ್ಯಾಪ್ಟನ್ ಆಗಿದ್ದು, ಆಮೇಲೆ ಕಲ್ಕತ್ತದಲ್ಲಿ ನೆಲೆಸಿದರು. ಅಲ್ಲಿ ಅವರಿಗೆ ದೊರೆತದ್ದು ಕಲ್ಲು, ಖನಿಜಗಳ ಸಂಗ್ರಹಾಲಯವನ್ನು ನೋಡಿಕೊಳ್ಳುವ ಕೆಲಸ. ಕೈಯಲ್ಲಿ ಕಲ್ಲು, ಮನಸ್ಸೆಲ್ಲ ಗಾಳಿಯ ಮೇಲೆ!

1839ರಿಂದ ಅವರು ಬಿರುಗಾಳಿಗೆ ಸಿಕ್ಕಿದ ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿಕೊಂಡು ಓದತೊಡಗಿದರು. ಯಾವ ಹೊತ್ತಿನಲ್ಲಿ ಹಡಗು ಎಲ್ಲಿತ್ತು, ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂಬುದೆಲ್ಲ ಅವುಗಳಲ್ಲಿ ಇರುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ಒಂದೇ ದಿನ ಎರಡು ಹಡಗುಗಳಿವೆ ಎನ್ನಿ. ಪಶ್ಚಿಮದಲ್ಲಿದ್ದ ಹಡಗಿಗೆ ಉತ್ತರದಿಂದ ಗಾಳಿ, ಪೂರ್ವದಲ್ಲಿದ್ದ ಹಡಗಿಗೆ ದಕ್ಷಿಣದಿಂದ ಗಾಳಿ. ಹಾಗಾದರೆ ಗಾಳಿ ಸುತ್ತುತ್ತಿದೆ, ಅದರ ಕೇಂದ್ರ ಇವೆರಡರ ನಡುವೆ ಇದೆ! ಮರುದಿನ ಆ ಕೇಂದ್ರ ಬೇರೆ ಕಡೆ ಇರುತ್ತದೆ. ದಿನದಿನದ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದರೆ ಅದೇ ಚಂಡಮಾರುತ ನಡೆದ ದಾರಿ.

‘ಚಾರ್ಲ್ಸ್ ಹೆಡಲ್’ ಎಂಬ ಹಡಗಿನ ಕತೆ ಬಲು ಸೊಗಸು. 1845ರ ಫೆಬ್ರವರಿಯಲ್ಲಿ ಮಾರಿಷಸ್ ಬಳಿ ಅದು ಬಿರುಗಾಳಿಗೆ ಸಿಕ್ಕಿತು. ಗಾಳಿ ತಳ್ಳಿದತ್ತ ದಿನಗಟ್ಟಲೆ ಓಡಿತು. ಸಾವಿರ ಮೈಲಿಗೂ ಹೆಚ್ಚು ಓಡಿದ ಮೇಲೆ ನೋಡಿದರೆ, ಹೊರಟ ಜಾಗದಿಂದ ಬಹಳ ದೂರವೇನೂ ಹೋಗಿರಲಿಲ್ಲ. ಗಾಣದ ಎತ್ತಿನಂತೆ ಸುತ್ತಿತ್ತು! ಆದರೆ ಪ್ರತಿ ಸುತ್ತೂ ಸ್ವಲ್ಪ ಸ್ವಲ್ಪ ಸರಿದಿತ್ತು. ಚಂಡಮಾರುತ ಬುಗುರಿಯ ಹಾಗೆ ತಿರುಗುತ್ತಲೇ ಮುಂದೆ ಸಾಗುತ್ತದೆ ಎಂಬುದಕ್ಕೆ ಪಿಡಿಂಗ್ಟನ್‌ಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಅದೇ ಹಿಂದೂ ಮಹಾಸಾಗರದಲ್ಲಿ 2023ರಲ್ಲಿ ‘ಫ್ರೆಡ್ಡಿ’ ಚಂಡಮಾರುತ 36 ದಿನ ಬದುಕಿತು. ಆಸ್ಟ್ರೇಲಿಯಾದ ಬಳಿ ಹುಟ್ಟಿ, ಮಾರಿಷಸ್ ಪಕ್ಕದಲ್ಲೇ ಹಾದು ಆಫ್ರಿಕಾ ತಲುಪಿತು. ಬೆಚ್ಚಗಿನ ಕಡಲಿನಿಂದ ಏಳುವ ನೀರಾವಿಯೇ ಚಂಡಮಾರುತದ ಆಹಾರ. ಆವಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖದಿಂದ ಅದು ಬಲಿಯುತ್ತದೆ. ನೆಲದ ಮೇಲೆ ಆಹಾರ ಸಿಗದೆ ಸೊರಗುತ್ತದೆ. ಫ್ರೆಡ್ಡಿಯೂ ನೆಲ ಮುಟ್ಟಿ ಸೊರಗಿತು. ಆದರೆ ಮತ್ತೆ ಕಡಲಿಗೆ ಇಳಿದು ಚೇತರಿಸಿಕೊಂಡು, ಮೊಜಾಂಬಿಕ್ ದೇಶವನ್ನು ಎರಡನೆಯ ಸಲ ಬಡಿಯಿತು.

1848ರಲ್ಲಿ ಪಿಡಿಂಗ್ಟನ್ ನಾವಿಕರಿಗಾಗಿ ಒಂದು ಪುಸ್ತಕ ಬರೆದರು. ಅದರಲ್ಲೇ ಅವರು ‘ಸೈಕ್ಲೋನ್’ ಎಂಬ ಹೆಸರನ್ನು ಬಳಕೆಗೆ ತಂದದ್ದು. ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ಅದನ್ನು ಮಾಡಿದ್ದರು. (ನೀವು ತುಳಿಯುವ ಸೈಕಲ್ ಕೂಡ ಈ ಪದದ ನೆಂಟನೇ.) ಪುಸ್ತಕದ ಜೊತೆಗೆ ಪ್ರಾಣಿಯ ಕೊಂಬಿನಿಂದ ಮಾಡಿದ, ಗಾಜಿನಂತೆ ಆಚೆಯದು ಕಾಣುವ ತೆಳು ಹಾಳೆಗಳಿದ್ದವು. ಅವುಗಳ ಮೇಲೆ ಗಾಳಿ ಸುತ್ತುವ ಬಗೆಯನ್ನು ಬಾಣಗಳಿಂದ ಗುರುತಿಸಲಾಗಿತ್ತು. ಹಾಳೆಯನ್ನು ಕಡಲಿನ ನಕ್ಷೆಯ ಮೇಲಿಟ್ಟು, ಗಾಳಿಯ ದಿಕ್ಕಿಗೆ ಬಾಣ ಹೊಂದಿಸಿದರೆ ಅಪಾಯದ ಕೇಂದ್ರ ಯಾವ ಕಡೆಗಿದೆ ಎಂದು ತಿಳಿಯುತ್ತಿತ್ತು. ಹಡಗನ್ನು ಬೇರೆಡೆಗೆ ತಿರುಗಿಸಬಹುದಿತ್ತು.

ನಾವಿಕರು ಅವರ ಮಾತು ಕೇಳಿದರು. ಸರ್ಕಾರ ಕೇಳಲಿಲ್ಲ. ಕಲ್ಕತ್ತದ ದಕ್ಷಿಣಕ್ಕೆ, ಮಾತಲಾ ನದಿಯ ದಂಡೆಯಲ್ಲಿ ಹೊಸ ಬಂದರು ಕಟ್ಟುವ ಯೋಜನೆ ನಡೆದಿತ್ತು. ಅಲ್ಲಿ ಚಂಡಮಾರುತ ಕಡಲನ್ನೇ ಊರಿನೊಳಕ್ಕೆ ನುಗ್ಗಿಸಬಹುದು ಎಂದು 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು ಎಚ್ಚರಿಸಿದರು. 1858ರಲ್ಲಿ ಅವರು ಕಲ್ಕತ್ತದಲ್ಲೇ ತೀರಿಕೊಂಡರು. ಕ್ಯಾನಿಂಗ್ ಎಂಬ ಹೆಸರಿನಲ್ಲಿ ಬಂದರು ಎದ್ದು ನಿಂತಿತು. 1867ರ ನವೆಂಬರ್ 1ರಂದು ಚಂಡಮಾರುತದ ಅಲೆ ನದಿಯಗುಂಟ ಮೇಲೇರಿ ಬಂದು ಆ ಬಂದರನ್ನು ಹಾಳುಗೆಡವಿತು.