ಹಣೆಯಿಂದ ಇಳಿದ ಮೂಗು

ಮಕ್ಕಳೇ, ರಜೆಗೆ ಹಾಸನದ ಕಡೆಯ ಅಜ್ಜಿಮನೆಗೆ ಹೋದವರು ಈ ಮಾತು ಕೇಳಿರಬಹುದು: "ಏನ್ಲಾ ಮಗ, ನಂಗೇ ಮೂಗಿಗೆ ತುಪ್ಪ ಸವರ್ತೀಯಾ?" ನಾಳೆ ಕೊಡ್ತೀನಿ, ನಾಳಿದ್ದು ಬರ್ತೀನಿ ಎಂದು ಆಸೆ ತೋರಿಸಿ ಕೈಕೊಡುವವರಿಗೆ ಬೀಳುವ ಗದರಿಕೆ ಅದು. ಮೂಗಿಗೆ ಸವರಿದ ತುಪ್ಪದ ವಾಸನೆ ಬರುತ್ತದೆ, ನಾಲಿಗೆಗೆ ಸಿಗುವುದಿಲ್ಲ! ಆದರೆ ಒಬ್ಬನ ಮೂಗಿಗೆ ನಿಜವಾಗಿಯೂ ತುಪ್ಪ ಹಚ್ಚಿದ್ದರು. ಮೋಸ ಮಾಡುವುದಕ್ಕಲ್ಲ, ಮೂಗು ಉಳಿಸುವುದಕ್ಕೆ. ಅವನ ಹೆಸರು ಕಾವಸ್‌ಜಿ, ಕಸುಬು ಎತ್ತು ಹೊಡೆಯುವುದು.

ಅವನ ಕಾಲದಲ್ಲಿ ಯುದ್ಧಕ್ಕೆ ಫಿರಂಗಿ, ಅಕ್ಕಿಮೂಟೆ, ಡೇರೆ ಎಲ್ಲ ಸಾಗುತ್ತಿದ್ದುದು ಎತ್ತುಗಳಿಂದ. ಅದಕ್ಕೇ ಮೈಸೂರು ಅರಸರು ದನ ಸಾಕುವುದಕ್ಕೆಂದೇ ಒಂದು ಇಲಾಖೆ ಇಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಆಮೇಲೆ ಮೈಸೂರನ್ನು ಆಳಿದ ಟಿಪ್ಪು ಸುಲ್ತಾನ 'ಅಮೃತಮಹಲ್' ಎಂದು ಕರೆದ. ಆ ದನಗಳು ಮೇಯುತ್ತಿದ್ದ ಕಾವಲುಗಳು ಹಾಸನ ಜಿಲ್ಲೆಯಲ್ಲೂ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಗೆ ಹೋದರೆ, ಒಳ್ಳೆಯ ಎತ್ತಿನ ಜೋಡಿಯೆಂದರೆ ಜನ ಹೇಗೆ ಮುಗಿಬೀಳುತ್ತಾರೆಂದು ಇಂದಿಗೂ ನೋಡಬಹುದು.

ಆದರೆ ಕಾವಸ್‌ಜಿ ಎತ್ತು ಹೊಡೆಯುತ್ತಿದ್ದುದು ಮೈಸೂರಿನ ಎದುರು ಪಕ್ಷದ ಇಂಗ್ಲಿಷರ ಸೈನ್ಯಕ್ಕೆ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಮೂಗು ಕೊಯ್ಯುವುದು ಆಗ ಬೇರೆ ಬೇರೆ ರಾಜ್ಯಗಳಲ್ಲಿದ್ದ ಕ್ರೂರ ಶಿಕ್ಷೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಮೂಗಿಲ್ಲದೆಯೇ ಇದ್ದ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿ ಅವನಿಗೆ ಹೊಸ ಮೂಗು ಕಟ್ಟಿದ. ಮೊದಲು ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದ. ಆ ಗೆರೆಯಂತೆ ಹಣೆಯ ಚರ್ಮ ಬಿಡಿಸಿದ. ಎರಡು ಕಣ್ಣುಗಳ ನಡುವಿನ ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸಲಿಲ್ಲ. ಚರ್ಮವನ್ನು ಆ ಪಟ್ಟಿಯ ಮೇಲೆಯೇ ತಿರುಗಿಸಿ ಕೆಳಗಿಳಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಎಲೆಅಡಿಕೆಗೆ ಹಾಕುವ ಕಾಚನ್ನು ನೀರಲ್ಲಿ ನೆನೆಸಿ ಬಟ್ಟೆಚೂರುಗಳಿಗೆ ಬಳಿದು ಮೇಲೆ ಅಂಟಿಸಿದ. ನಾಲ್ಕು ದಿನ ಬಿಟ್ಟು ಅದನ್ನು ತೆಗೆದು ತುಪ್ಪದ ಬಟ್ಟೆ ಹಾಕಿದ. ಸುಮಾರು 25ನೇ ದಿನ ಆ ಪಟ್ಟಿಯನ್ನು ಕತ್ತರಿಸಿದ.

ಅಷ್ಟು ದಿನ ಪಟ್ಟಿ ಬಿಟ್ಟದ್ದೇಕೆ? ಮಾವಿನ ಕಸಿ ಕಟ್ಟುವುದನ್ನು ನೆನೆಯಿರಿ. ಒಂದು ವಿಧಾನದಲ್ಲಿ ತಾಯಿಮರದ ರೆಂಬೆಯನ್ನು ಕತ್ತರಿಸದೆಯೇ ಪಕ್ಕದ ಸಸಿಗೆ ಬಿಗಿಯುತ್ತಾರೆ. ಎರಡೂ ಬೆಸೆದುಕೊಳ್ಳುವವರೆಗೆ ತಾಯಿಯೇ ಊಟ ಹಾಕಬೇಕು. ಹೊಸ ಮೂಗಿಗೂ ಹಾಗೆಯೇ ಹಣೆಯ ಪಟ್ಟಿಯಿಂದ ರಕ್ತ ಬರುತ್ತಿತ್ತು. ಇನ್ನೊಂದು ಮಜಾ ಇದೆ: ಇಂಥ ಮೂಗಿನ ತುದಿಗೆ ನೊಣ ಕೂತರೆ, ಮೊದಮೊದಲು ಹಣೆಯ ಮೇಲೆ ಕೂತಂತೆ ಅನಿಸುತ್ತದೆ!

ಇದಕ್ಕೂ ಎಷ್ಟೋ ಹಿಂದೆ 'ಸುಶ್ರುತ ಸಂಹಿತೆ'ಯಲ್ಲಿ, ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮ ಹೇಳಿದೆ. ಕಾವಸ್‌ಜಿಯ ಕಥೆ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಚಿತ್ರಸಮೇತ ಬಂತು. ಅಲ್ಲಿನ ವೈದ್ಯ ಜೋಸೆಫ್ ಕಾರ್ಪ್ಯೂ ಈ ವಿಧಾನವನ್ನು ಅಭ್ಯಾಸ ಮಾಡಿ 1814ರಲ್ಲಿ ತಾನೇ ಶಸ್ತ್ರಚಿಕಿತ್ಸೆ ಮಾಡಿದ, 1816ರಲ್ಲಿ ಪುಸ್ತಕ ಬರೆದ. ಅಪಘಾತಕ್ಕೋ ಚರ್ಮದ ಕ್ಯಾನ್ಸರಿಗೋ ಮೂಗು ಕಳೆದುಕೊಂಡವರಿಗೆ ನೀವಿರುವ ದೇಶದ ಆಸ್ಪತ್ರೆಗಳಲ್ಲೂ ಇಂದು ಹಣೆಯಿಂದ ಮೂಗು ಇಳಿಸುತ್ತಾರೆ. ಸುಮಾರು ಮೂರು ವಾರ ಪಟ್ಟಿಯನ್ನು ಹಾಗೆಯೇ ಬಿಟ್ಟಿರುತ್ತಾರೆ.

ಹಣೆಬರಹ ಅಳಿಸಲಾಗದು ಎನ್ನುತ್ತಾರೆ ನಮ್ಮ ಹಿರಿಯರು. ಪುಣೆಯ ಆ ಕುಶಲಿ ಹಣೆಯನ್ನೇ ತೆಗೆದು ಮೂಗು ಮಾಡಿದ! ಪತ್ರಿಕೆ ಅವನ ಕುಲ ಬರೆಯಿತು, ಹೆಸರು ಬರೆಯಲಿಲ್ಲ.

ಮುಂದಿನ ರಜೆಯಲ್ಲಿ ತಾತನ ಎಲೆಅಡಿಕೆ ಚೀಲದಲ್ಲಿ ಕಾಚು ಕಂಡರೆ, "ಇದರಲ್ಲೇ ಒಬ್ಬರ ಮೂಗು ಅಂಟಿಸಿದ್ರು ತಾತ" ಎಂದು ಹೇಳಿ. ತಾತ ಮೂಗಿನ ಮೇಲೆ ಬೆರಳಿಡದಿದ್ದರೆ ಕೇಳಿ!